ಮ್ಯೂನಿಕ್‌ನಿಂದ ಶಿಕಾಗೋಗೆ ಕೆಲಸದ ಮೇಲೆ ಹೊರಟಿದ್ದೀರಾ? ಇಷ್ಟು ನೋಡಿಕೊಂಡು ಹೊರಡಿ

ಯುರೋಪಿನಿಂದ ಅಮೆರಿಕಕ್ಕೆ ಹೋಗುವವರಿಗೆ ಅಂತ ಬರೆದಿಟ್ಟ ಪಟ್ಟಿಗಳು ಬೇಕಾದಷ್ಟಿವೆ. ಅರ್ಧ ಪಟ್ಟಿ ಜರ್ಮನ್ ಪಾಸ್‌ಪೋರ್ಟ್ ಇದ್ದವರಿಗೆ, ಇನ್ನರ್ಧ ಬೆಂಗಳೂರಿನಿಂದ ನೇರ ವಿಮಾನ ಹತ್ತುವವರಿಗೆ. ನಮ್ಮಂಥವರು ಎರಡಕ್ಕೂ ಸೇರುವುದಿಲ್ಲ. ನಾನು ಹುಟ್ಟಿದ್ದು ಶಿವಮೊಗ್ಗ, ಪಾಸ್‌ಪೋರ್ಟ್ ಭಾರತದ್ದು, ಮನೆ ಮ್ಯೂನಿಕ್‌ನಲ್ಲಿ, ಮುಂದಿನ ಕೆಲಸ ಶಿಕಾಗೋದಲ್ಲಿ. ಮೂರು ದೇಶದ ಕಾಗದ ಒಂದೇ ಫೈಲಿನಲ್ಲಿ. ಗಂಡ ಮತ್ತು ಆರು ವರ್ಷದ ಮಗಳ ಜೊತೆ ಹೀಗೆ ಹೋದ ಮೇಲೆ, ನಮ್ಮ ಹಳೇ ಆಫೀಸಿನಿಂದ ಯಾರು ಹೊರಟರೂ ನನಗೇ ಫೋನ್ ಬರುತ್ತದೆ. ಪ್ರತಿ ಸಲ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಆಮ್‌ಸ್ಟರ್‌ಡ್ಯಾಮ್‌ನಿಂದಲೋ ಡಬ್ಲಿನ್‌ನಿಂದಲೋ ಹೊರಟವರು ಜರ್ಮನಿಯ ಮಾತು ಬಿಟ್ಟು ಓದಿಕೊಳ್ಳಿ. ಅಮೆರಿಕದ ವೀಸಾ, ತೆರಿಗೆಯ ಕಥೆ ಎಲ್ಲರಿಗೂ ಒಂದೇ.

ಸಂಬಳ ಮಾತಾಡುವ ಮೊದಲು

ಆಫರ್ ಬಂದ ಕೂಡಲೇ ಎಲ್ಲರೂ ಯುರೋ-ಡಾಲರ್ ಲೆಕ್ಕ ಹಾಕಲು ಕೂರುತ್ತಾರೆ. ಅದಕ್ಕೂ ಮೊದಲು ಎಚ್‌ಆರ್‌ಗೆ ಒಂದು ಪ್ರಶ್ನೆ ಕೇಳಿ. ನನ್ನನ್ನು ಡೆಪ್ಯುಟೇಶನ್ ಮೇಲೆ ಕಳಿಸುತ್ತೀರಾ, ಅಥವಾ ಜರ್ಮನ್ ಕಾಂಟ್ರಾಕ್ಟ್ ಮುಗಿಸಿ ಅಮೆರಿಕದ ಕಂಪನಿಗೆ ಹೊಸದಾಗಿ ಸೇರಿಸಿಕೊಳ್ಳುತ್ತೀರಾ?

ವ್ಯತ್ಯಾಸ ಸಣ್ಣದಲ್ಲ. ಜರ್ಮನಿ ಮತ್ತು ಅಮೆರಿಕದ ನಡುವೆ 1979ರಿಂದ ಸಾಮಾಜಿಕ ಭದ್ರತೆಯ ಒಪ್ಪಂದ ಇದೆ. ಡೆಪ್ಯುಟೇಶನ್ ಆದರೆ 5 ವರ್ಷದವರೆಗೆ ಜರ್ಮನ್ ಪಿಂಚಣಿಗೇ ದುಡ್ಡು ಕಟ್ಟುತ್ತಾ ಇರಬಹುದು. ಅಮೆರಿಕದಲ್ಲಿ ಸಂಬಳದಿಂದ ಹಿಡಿಯುವ 7.65% ಸೋಶಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ) ಕಡಿತ ಆಗ ಇರುವುದಿಲ್ಲ. ಇದಕ್ಕೆ ಜರ್ಮನಿಯಿಂದ ಒಂದು ಸರ್ಟಿಫಿಕೇಟ್ ಬೇಕು, ಅದನ್ನು ಕಂಪನಿಯೇ ತರಿಸಬೇಕು. ಲೋಕಲ್ ಕಾಂಟ್ರಾಕ್ಟ್ ಆದರೆ ಅಲ್ಲಿನ ಕಡಿತ ಶುರುವಾಗುತ್ತದೆ, ಜರ್ಮನಿಯ ಕೆಲಸದ ರಕ್ಷಣೆ ಮುಗಿಯುತ್ತದೆ. ಅಮೆರಿಕದಲ್ಲಿ ನೋಟಿಸ್ ಇಲ್ಲದೆ ಇವತ್ತೇ ಕೆಲಸ ತೆಗೆಯಬಹುದು. ತೆಗೆದರೆ ಎಲ್-1, ಎಚ್-1ಬಿ ಅನ್ನುವ ಕೆಲಸದ ವೀಸಾಗಳ ಮೇಲೆ ಇರುವವರಿಗೆ ಬೇರೆ ದಾರಿ ನೋಡಿಕೊಳ್ಳಲು ಅಥವಾ ದೇಶ ಬಿಡಲು ಹೆಚ್ಚೆಂದರೆ 60 ದಿನ ಸಮಯ. ಹಾಗಾಗಿ "ವಾಪಸ್ ಬಂದರೆ ಮ್ಯೂನಿಕ್‌ನಲ್ಲಿ ಕೆಲಸ ಕೊಡುತ್ತೇವೆ" ಅನ್ನುವ ಮಾತು ಕಾಫಿ ಕುಡಿಯುವಾಗ ಹೇಳಿದ್ದಾದರೆ ಸಾಲದು, ಕಾಗದದ ಮೇಲೆ ಬರಬೇಕು.

ರಜೆಯ ಸಂಖ್ಯೆಯೂ ಆಫರ್ ಪತ್ರದಲ್ಲೇ ಇರಲಿ. ಮ್ಯೂನಿಕ್‌ನಲ್ಲಿ 30 ದಿನ ರಜೆಗೆ ಒಗ್ಗಿದ ಜೀವ ನಮ್ಮದು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಸಂಬಳದ ರಜೆ ಅಂತ ಒಂದು ದಿನವೂ ಇಲ್ಲ. ಶಿಕಾಗೋ ನಗರ ಜುಲೈ 2024ರಿಂದ ತನ್ನದೇ ನಿಯಮ ಮಾಡಿದೆ: ವರ್ಷಕ್ಕೆ 40 ಗಂಟೆ ರಜೆ, 40 ಗಂಟೆ ಸಿಕ್ ಲೀವ್. ಅಂದರೆ 5 ದಿನ, 5 ದಿನ. ಊರಿಗೆ ಹೋಗಿ ಬರುವುದಕ್ಕೂ ಸಾಲುವುದಿಲ್ಲ, ಅಲ್ವಾ? ನಮ್ಮ ಕಡೆಯವರು ಸಂಬಳಕ್ಕೆ ಚೌಕಾಸಿ ಮಾಡುತ್ತಾರೆ, ರಜೆಗೆ ಮಾಡುವುದಿಲ್ಲ. ಮಾಡಿ.

ಮನೆ ಸಾಗಿಸುವ ಖರ್ಚನ್ನು ಕಂಪನಿ ಕೊಟ್ಟರೆ ಅದೂ 2018ರಿಂದ ತೆರಿಗೆ ಬೀಳುವ ಆದಾಯ. "ಗ್ರಾಸ್-ಅಪ್ ಮಾಡುತ್ತೀರಾ" ಅಂತ ಕೇಳಿ, ಅಂದರೆ ಆ ತೆರಿಗೆಯನ್ನೂ ಅವರೇ ತುಂಬುತ್ತಾರಾ ಅಂತ. ಇಲಿನಾಯ್ ರಾಜ್ಯದ ಆದಾಯ ತೆರಿಗೆ ಎಲ್ಲರಿಗೂ 4.95%. ಶಿಕಾಗೋ ನಗರದ್ದು ಬೇರೆ ಇಲ್ಲ. ಇದನ್ನು ನೋಡಿ ಕೈಗೆ ಜಾಸ್ತಿ ಬರುತ್ತೆ ಅಂತ ಖುಷಿಯಾಗುತ್ತದೆ. ಆಮೇಲೆ ಮಗುವಿನ ಡೇಕೇರ್ ಬಿಲ್ ನೋಡಿ. ನಗರದ ಒಳಗೆ ತಿಂಗಳಿಗೆ 2,000 ಡಾಲರ್ ದಾಟುವುದು ಮಾಮೂಲು. ಮ್ಯೂನಿಕ್‌ನ ಕೀಟಾ, ಅಂದರೆ ಅಲ್ಲಿನ ಶಿಶುವಿಹಾರದ ಶುಲ್ಕ ನೆನಪಾಗಿ ಹೊಟ್ಟೆ ಉರಿಯುತ್ತದೆ.

ವೀಸಾ: ಕೆಲಸ ಮಾಡಿದ ದೇಶ ಬೇರೆ, ಹುಟ್ಟಿದ ದೇಶ ಬೇರೆ

ಒಂದೇ ಕಂಪನಿಯ ಒಳಗೆ ಹೋಗುವವರಿಗೆ ಸಾಮಾನ್ಯವಾಗಿ ಎಲ್-1. ಹಿಂದಿನ 3 ವರ್ಷದಲ್ಲಿ ಬಿಡದೆ ಒಂದು ವರ್ಷ ಅದೇ ಕಂಪನಿಗೆ ಅಮೆರಿಕದ ಹೊರಗೆ ಕೆಲಸ ಮಾಡಿರಬೇಕು. ಎಚ್-1ಬಿಗೆ ಇರುವಂಥ ಲಾಟರಿ ಇಲ್ಲ. ಮ್ಯಾನೇಜರ್‌ಗಳಿಗೆ ಎಲ್-1ಎ, ಗರಿಷ್ಠ 7 ವರ್ಷ. ವಿಶೇಷ ಜ್ಞಾನ ಇರುವ ಎಂಜಿನಿಯರ್‌ಗಳಿಗೆ ಎಲ್-1ಬಿ, 5 ವರ್ಷ. ಗ್ರೀನ್ ಕಾರ್ಡ್ ಅರ್ಜಿ ಅರ್ಧಕ್ಕೆ ಬಂದಿದ್ದರೆ ಎಚ್-1ಬಿಯನ್ನು 6 ವರ್ಷ ದಾಟಿ ಎಳೆಯಬಹುದು, ಎಲ್-1ಅನ್ನು ಹಾಗೆ ಎಳೆಯಲು ಬರುವುದಿಲ್ಲ. ಎಲ್-1ರಲ್ಲಿ ಕಳೆದ ವರ್ಷಗಳನ್ನು ಎಚ್-1ಬಿಯ 6 ವರ್ಷದಿಂದಲೂ ಕಳೆಯುತ್ತಾರೆ.

ನಮ್ಮ ಜರ್ಮನ್ ಸಹೋದ್ಯೋಗಿಗಳಿಗೂ ನಮಗೂ ದಾರಿ ಬೇರೆಯಾಗುವುದು ಇಲ್ಲೇ. ಗ್ರೀನ್ ಕಾರ್ಡ್ ಸರದಿಯಲ್ಲಿ ಯಾವ ಪಾಸ್‌ಪೋರ್ಟ್ ಅಂತ ನೋಡುವುದಿಲ್ಲ, ಎಲ್ಲಿ ಹುಟ್ಟಿದ್ದು ಅಂತ ನೋಡುತ್ತಾರೆ. ನೀವು ಜರ್ಮನ್ ಪೌರತ್ವ ಪಡೆದಿದ್ದರೂ ನಿಲ್ಲಬೇಕಾದದ್ದು ಭಾರತದ ಸಾಲಿನಲ್ಲೇ. ಕೆಲಸದ ಮೇಲೆ ಗ್ರೀನ್ ಕಾರ್ಡ್ ಕೇಳುವವರ ಇಬಿ-2, ಇಬಿ-3 ಸಾಲಿನಲ್ಲಿ ಈಗಲೂ ಹತ್ತು ವರ್ಷಕ್ಕೂ ಹಿಂದಿನ ಅರ್ಜಿಗಳು ತೆವಳುತ್ತಿವೆ. ಗಂಡ ಅಥವಾ ಹೆಂಡತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಅವರ ದೇಶದ ಸಾಲು ಹಿಡಿಯಬಹುದು. ಮಗು ಜರ್ಮನಿಯಲ್ಲಿ ಹುಟ್ಟಿದ್ದು ಅಪ್ಪ ಅಮ್ಮನಿಗೆ ಉಪಯೋಗಕ್ಕೆ ಬರುವುದಿಲ್ಲ. ಎಲ್-1ಎಗೆ ಅರ್ಹತೆ ಇದ್ದರೆ ಅದಕ್ಕೇ ಹಟ ಹಿಡಿಯಿರಿ. ಮ್ಯಾನೇಜರ್‌ಗಳಿಗೆ ಇಬಿ-1 ಸಾಲು ಇದೆ, ಅದು ಸ್ವಲ್ಪ ಬೇಗ ಸರಿಯುತ್ತದೆ.

ಹೆಸರಿನ ವಿಷಯ ನಮ್ಮ ಕಡೆಯವರಿಗೆ ವಿಶೇಷ ತಲೆನೋವು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟು ಇಡೀ ಹೆಸರನ್ನು ಗಿವನ್ ನೇಮ್‌ನಲ್ಲಿ ಬರೆಸಿದವರು ನಮ್ಮಲ್ಲಿ ಎಷ್ಟು ಜನ! ಅಮೆರಿಕದ ವೀಸಾದಲ್ಲಿ ಆಗ ನಿಮ್ಮ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಅಂತ ಕೂರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಲೈಸೆನ್ಸ್‌ನಲ್ಲಿ ಎಲ್ಲ ಕಡೆ ಮಿಸ್ಟರ್ ಫ್ನೂ ಆಗಿ ಓಡಾಡಬೇಕು. ವೀಸಾ ಅರ್ಜಿಗೆ ಮೊದಲೇ ಮ್ಯೂನಿಕ್‌ನ ಭಾರತೀಯ ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟ್ ಸರಿ ಮಾಡಿಸಿ. ಅವಧಿ ಮುಗಿಯಲು ಎರಡು ಮೂರು ವರ್ಷ ಮಾತ್ರ ಉಳಿದಿದ್ದರೆ ಅದೇ ಕೈಯಲ್ಲಿ ಹೊಸದನ್ನೇ ಮಾಡಿಸಿ. ಕಾರಣ ಇದೆ: ನೀವು ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಅನ್ನುವುದನ್ನು ಹೇಳುವುದು ವೀಸಾ ಸ್ಟಿಕ್ಕರ್ ಅಲ್ಲ, ಇಳಿದಾಗ ಮಾಡುವ ಐ-94 ಅನ್ನುವ ಪ್ರವೇಶ ದಾಖಲೆ. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ವಿಮಾನ ನಿಲ್ದಾಣದ ಅಧಿಕಾರಿ ಐ-94ಅನ್ನೂ ಅಲ್ಲಿಗೇ ಕತ್ತರಿಸಬಹುದು. ಇಳಿದ ಮರುದಿನ ಮೂವರ ಐ-94ಗಳನ್ನೂ ಆನ್‌ಲೈನ್‌ನಲ್ಲಿ ತೆಗೆದು ಹೆಸರು, ತಾರೀಖು ಓದಿ. ಎಲ್-1 ಇರುವವರ ಕುಟುಂಬಕ್ಕೆ ಸಿಗುವುದು ಎಲ್-2 ವೀಸಾ. ಗಂಡ ಅಥವಾ ಹೆಂಡತಿಯ ಐ-94ರಲ್ಲಿ "ಎಲ್-2ಎಸ್" ಅಂತ ಇರಬೇಕು. ಆ "ಎಸ್" ಇದ್ದರೆ ಬೇರೆ ಪರ್ಮಿಟ್ ಇಲ್ಲದೆ ಕೆಲಸ ಮಾಡಬಹುದು. ಬರೀ "ಎಲ್-2" ಅಂತಿದ್ದರೆ ಸರಿ ಮಾಡಿಸಿಕೊಳ್ಳಿ.

ಎಲ್-2ಗೆ ಮದುವೆ ಸರ್ಟಿಫಿಕೇಟ್ ಬೇಕು. ಛತ್ರದ ರಸೀದಿ, ಲಗ್ನಪತ್ರಿಕೆ ಆಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯದ್ದೇ ಆಗಬೇಕು. ಇನ್ನೂ ಮಾಡಿಸಿಲ್ಲದಿದ್ದರೆ ಮುಂದಿನ ಸಲ ಊರಿಗೆ ಹೋದಾಗಿನ ಮೊದಲ ಕೆಲಸ ಅದು. ಜರ್ಮನಿಯಲ್ಲಿ ಹುಟ್ಟಿದ ಮಕ್ಕಳಿಗೆ ನೋಂದಣಿ ಕಚೇರಿಯಿಂದ ಬಹುಭಾಷೆಯ ಜನನ ಪತ್ರ ಕೇಳಿ ಪಡೆಯಿರಿ, ಅನುವಾದದ ಖರ್ಚು ಉಳಿಯುತ್ತದೆ.

ದುಡ್ಡು: ವಿಮಾನ ಹತ್ತುವ ಮೊದಲೇ ಮಾಡಬೇಕಾದದ್ದು

ಇದನ್ನು ಯಾರೂ ಹೇಳುವುದಿಲ್ಲ. ಎಚ್‌ಆರ್‌ಗೆ ಗೊತ್ತಿರುವುದಿಲ್ಲ, ಸಾಗಾಣಿಕೆ ಕಂಪನಿಗೆ ಬೇಕಾಗಿರುವುದಿಲ್ಲ. ಆದರೆ ಇಡೀ ಪ್ರಯಾಣದಲ್ಲಿ ಅತಿ ದುಬಾರಿ ಬೀಳುವುದು ಇದೇ.

ಅಮೆರಿಕದ ತೆರಿಗೆ ಲೆಕ್ಕದಲ್ಲಿ ನೀವು ನಿವಾಸಿ ಆದ ದಿನದಿಂದ ನಿಮ್ಮ ಜಗತ್ತಿನ ಎಲ್ಲ ಆದಾಯವೂ ಅವರ ಲೆಕ್ಕಕ್ಕೆ ಬರುತ್ತದೆ. ಜರ್ಮನಿಯಲ್ಲಿ ಕೊಂಡ ಇಟಿಎಫ್ (ಷೇರಿನಂತೆ ಕೊಳ್ಳುವ ಫಂಡ್), ಭಾರತದ ಮ್ಯೂಚುವಲ್ ಫಂಡ್, ಎರಡಕ್ಕೂ ಅಲ್ಲಿ "ಪಿಎಫ್‌ಐಸಿ" ಅಂತ ಒಂದು ಹೆಸರಿದೆ. ಅಂದರೆ ವಿದೇಶಿ ಹೂಡಿಕೆ ಕಂಪನಿ. ಇದರ ಲಾಭಕ್ಕೆ ಸಾಮಾನ್ಯ ದರ ಅಲ್ಲ. ಲಾಭವನ್ನು ಇಟ್ಟುಕೊಂಡಿದ್ದ ವರ್ಷಗಳ ಮೇಲೆ ಹಂಚಿ, ಗರಿಷ್ಠ ದರದಲ್ಲಿ ತೆರಿಗೆ ಹಾಕಿ, ಮೇಲೆ ಬಡ್ಡಿಯನ್ನೂ ಸೇರಿಸುತ್ತಾರೆ. ಒಂದೊಂದು ಫಂಡಿಗೂ ಒಂದೊಂದು ಫಾರ್ಮ್ 8621. ತಿಂಗಳ ಎಸ್‌ಐಪಿ ಹಾಕಿ ಏಳೆಂಟು ಫಂಡ್ ಇಟ್ಟುಕೊಂಡವರ ಅಕೌಂಟೆಂಟ್ ಬಿಲ್ ಎಷ್ಟಾಗಬಹುದು ಯೋಚಿಸಿ. ನಾವು ಇಬ್ಬರೂ ಜರ್ಮನಿಯಲ್ಲಿ ಇರುವಾಗಲೇ ಎಲ್ಲ ಮಾರಿ, ಅಲ್ಲಿನ ತೆರಿಗೆ ಕಟ್ಟಿ, ಕ್ಯಾಶ್ ಇಟ್ಟುಕೊಂಡು ಹೊರಟೆವು. ಬಿಡಿ ಷೇರುಗಳಿಗೆ ಸಾಮಾನ್ಯವಾಗಿ ಈ ಕಾಟ ಇಲ್ಲ, ಅವನ್ನು ಇಟ್ಟುಕೊಳ್ಳಬಹುದು. ಆದರೆ ಅಮೆರಿಕದ ವಿಳಾಸ ಕೊಟ್ಟ ಕೂಡಲೇ ಖಾತೆ ಮುಚ್ಚಿ ಅನ್ನುವ ಜರ್ಮನ್ ಬ್ರೋಕರ್‌ಗಳಿದ್ದಾರೆ, ಮೊದಲೇ ಕೇಳಿ.

ಅನಿವಾಸಿ ಭಾರತೀಯರ ಎನ್‌ಆರ್‌ಇ ಎಫ್‌ಡಿ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಅಮೆರಿಕದಲ್ಲಿ ಇದೆ. ಇದನ್ನು ಹೇಳಿದಾಗಲೆಲ್ಲ ಫೋನಿನ ಆ ಕಡೆ ಸ್ವಲ್ಪ ಹೊತ್ತು ಮೌನ.

ಇನ್ನೊಂದು ಎಫ್‌ಬಾರ್, ಅಂದರೆ ವಿದೇಶಿ ಖಾತೆಗಳ ವರದಿ. ಅಮೆರಿಕದ ಹೊರಗಿನ ನಿಮ್ಮ ಎಲ್ಲ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಅವೆಲ್ಲವನ್ನೂ ವರದಿ ಮಾಡಬೇಕು. ತೆರಿಗೆ ಏನಿಲ್ಲ, ಬರೀ ಮಾಹಿತಿ. ಆದರೆ ಕೊಡದಿದ್ದರೆ ದಂಡ ದೊಡ್ಡದು. ಇದರಲ್ಲಿ ಮ್ಯೂನಿಕ್‌ನ ಬ್ಯಾಂಕ್ ಖಾತೆ ಬರುತ್ತದೆ. ಶಿವಮೊಗ್ಗದಲ್ಲಿ ಅಪ್ಪನ ಜೊತೆ ಇರುವ ಜಂಟಿ ಖಾತೆಯೂ ಬರುತ್ತದೆ, ಅದರ ದುಡ್ಡು ಪೂರ್ತಿ ಅಪ್ಪನದ್ದೇ ಆದರೂ. ಸರೆಂಡರ್ ಮೌಲ್ಯ ಇರುವ ಎಲ್‌ಐಸಿ ಪಾಲಿಸಿಯೂ ಬರುತ್ತದೆ. ಹೊರಡುವ ಮೊದಲು ಒಂದು ಹಾಳೆಯಲ್ಲಿ ಎಲ್ಲ ಖಾತೆಗಳ ಪಟ್ಟಿ ಮಾಡಿ. ಬಳಸದ ಹಳೇ ಖಾತೆಗಳನ್ನು ಮುಚ್ಚಿ. ಅಕೌಂಟೆಂಟ್ ಹುಡುಕುವಾಗ "ಭಾರತೀಯರ ತೆರಿಗೆ ಮಾಡುತ್ತೀರಾ" ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. "8621 ತುಂಬಿದ್ದೀರಾ" ಅಂತ ಕೇಳಿ.

ಜರ್ಮನ್ ಪಿಂಚಣಿಗೆ 60 ತಿಂಗಳಿಗಿಂತ ಕಡಿಮೆ ಕಟ್ಟಿದ್ದರೆ, ದೇಶ ಬಿಟ್ಟು 24 ತಿಂಗಳಾದ ಮೇಲೆ ನಿಮ್ಮ ಪಾಲನ್ನು ವಾಪಸ್ ಕೇಳಬಹುದು. ಕಂಪನಿ ಕಟ್ಟಿದ ಪಾಲು ಸಿಗುವುದಿಲ್ಲ. 60 ತಿಂಗಳು ತುಂಬಿದ್ದರೆ ವಾಪಸ್ ಇಲ್ಲ, ವಯಸ್ಸಾದ ಮೇಲೆ ಪಿಂಚಣಿಯೇ ಬರುತ್ತದೆ. 57, 58 ತಿಂಗಳ ಹತ್ತಿರ ಇರುವವರು ಯಾವುದು ಬೇಕು ಅಂತ ಕೂತು ಯೋಚಿಸಿ, ಹೊರಡುವ ತಾರೀಖನ್ನು ಅದಕ್ಕೆ ಹೊಂದಿಸಿ. ಭಾರತ-ಅಮೆರಿಕದ ನಡುವೆ ಇಂಥ ಒಪ್ಪಂದ ಇಲ್ಲ, ಜರ್ಮನಿ-ಅಮೆರಿಕದ ನಡುವೆ ಇದೆ. ಜರ್ಮನಿಯಲ್ಲಿ ಕಟ್ಟಿದ ವರ್ಷಗಳು ಅಮೆರಿಕದ ಪಿಂಚಣಿಗೆ ಬೇಕಾದ 10 ವರ್ಷ ತುಂಬಿಸಲು ನೆರವಾಗುತ್ತವೆ. ಮಧ್ಯದಲ್ಲಿ ಸಿಕ್ಕಿಕೊಂಡಿದ್ದರಿಂದ ನಮಗೆ ಆದ ಲಾಭ ಇದೊಂದೇ ಇರಬೇಕು.

ಮ್ಯೂನಿಕ್ ಬಿಡುವಾಗ

ಮನೆ ಬಿಡಲು 3 ತಿಂಗಳ ನೋಟಿಸ್. ಈಮೇಲ್ ಸಾಲದು, ಕೈಯಲ್ಲಿ ಸಹಿ ಮಾಡಿದ ಪತ್ರ ಆ ತಿಂಗಳ ಮೂರನೇ ಕೆಲಸದ ದಿನದೊಳಗೆ ಮಾಲೀಕರ ಕೈ ಸೇರಬೇಕು. ವೀಸಾ ಸ್ಟಾಂಪ್ ಆಗುವವರೆಗೆ ನೋಟಿಸ್ ಕೊಡಬೇಡಿ. ಎರಡು ಬಾಡಿಗೆ ಕಟ್ಟುವುದು ಬೀದಿಯಲ್ಲಿ ನಿಲ್ಲುವುದಕ್ಕಿಂತ ವಾಸಿ. ಅಡುಗೆಮನೆಯ ಕಪಾಟು, ಒಲೆ ನಿಮ್ಮದಾದರೆ ಮುಂದೆ ಬರುವವರಿಗೆ ಮಾರಿ. ಶಿಕಾಗೋದಲ್ಲಿ ಫ್ರಿಜ್, ಒಲೆ ಎಲ್ಲ ಮನೆಯಲ್ಲೇ ಇರುತ್ತದೆ.

ಆಬ್‌ಮೆಲ್ಡುಂಗ್ ಅನ್ನು, ಅಂದರೆ ಊರು ಬಿಡುತ್ತಿದ್ದೇವೆ ಅಂತ ನಗರದ ಕಚೇರಿಯಲ್ಲಿ ಬರೆಸುವುದನ್ನು, ಮನೆ ಬಿಡುವ ಒಂದು ವಾರ ಮೊದಲಿನಿಂದ ಎರಡು ವಾರದ ನಂತರದೊಳಗೆ ಮಾಡಬೇಕು. ಆ ಕಾಗದದ ಪ್ರತಿ ಇದ್ದರೇ ರೇಡಿಯೋ ಶುಲ್ಕ, ಇಂಟರ್ನೆಟ್ ಎಲ್ಲ ನಿಲ್ಲಿಸಲು ಸುಲಭ. ಮಕ್ಕಳ ಭತ್ಯೆ ಕೊಡುವ ಕಚೇರಿಗೆ ತಿಳಿಸಿ, ಇಲ್ಲದಿದ್ದರೆ ವರ್ಷದ ನಂತರ ವಾಪಸ್ ಕೊಡಿ ಅಂತ ಪತ್ರ ಬರುತ್ತದೆ. ಬ್ಯಾಂಕ್ ಖಾತೆಯನ್ನು ಮಾತ್ರ ಕೂಡಲೇ ಮುಚ್ಚಬೇಡಿ. ಮನೆಯ ಅಡ್ವಾನ್ಸ್ ಬರಲು ಆರು ತಿಂಗಳೂ ಆಗಬಹುದು, ತೆರಿಗೆ ರಿಫಂಡ್ ಇನ್ನೂ ತಡ.

ಬ್ಲೂ ಕಾರ್ಡ್ (ಯುರೋಪಿನ ಹೊರಗಿನವರಿಗೆ ಜರ್ಮನಿಯಲ್ಲಿ ಕೆಲಸಕ್ಕೆ ಕೊಡುವ ಪರ್ಮಿಟ್) ಇದ್ದವರು 12 ತಿಂಗಳು ಹೊರಗಿದ್ದರೆ ಅದು ರದ್ದಾಗುತ್ತದೆ. ಸಾಮಾನ್ಯ ಪರ್ಮನೆಂಟ್ ಪರ್ಮಿಟ್ ಆದರೆ 6 ತಿಂಗಳಿಗೇ. ವಾಪಸ್ ಬರುವ ಯೋಚನೆ ಇದ್ದರೆ ಹೊರಡುವ ಮೊದಲು ವಿದೇಶಿಯರ ಕಚೇರಿಯಲ್ಲಿ ಕೇಳಿ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ.

ಹಲ್ಲಿನ ಕೆಲಸ, ಕನ್ನಡಕ ಜರ್ಮನಿಯಲ್ಲೇ ಮುಗಿಸಿ. ಮಕ್ಕಳ ಹಳದಿ ಲಸಿಕೆ ಪುಸ್ತಕ ಹ್ಯಾಂಡ್‌ಬ್ಯಾಗಿನಲ್ಲೇ ಇರಲಿ. ಸಾಮಾನು ಹಡಗಿನಲ್ಲಿ ಹೋದರೆ ಎರಡು ತಿಂಗಳು ಹಿಡಿದುಕೊಳ್ಳಿ. ಯುರೋಪಿನ ಕರೆಂಟು 230 ವೋಲ್ಟ್, ಅಮೆರಿಕದ್ದು 120. ಊರಿನಿಂದ ತಂದ ಮಿಕ್ಸಿ, ಗ್ರೈಂಡರ್ ಮ್ಯೂನಿಕ್‌ನಲ್ಲಿ ಚೆನ್ನಾಗಿ ತಿರುಗಿದವು ಅಂತ ಹೊತ್ತು ತರಬೇಡಿ. ಅಮೆರಿಕದ ಕರೆಂಟಿಗೆ ಹೊಂದುವ ಮಿಕ್ಸಿ ಶಿಕಾಗೋದಲ್ಲೇ ಸಿಗುತ್ತದೆ. ಲ್ಯಾಪ್‌ಟಾಪ್, ಫೋನ್ ಚಾರ್ಜರ್‌ಗಳಿಗೆ ಚಿಂತೆ ಇಲ್ಲ.

ಶಿಕಾಗೋ ತಲುಪಿದ ಮೇಲೆ

ಮೊದಲ ತಿಂಗಳು ಕಂಪನಿ ಕೊಡುವ ತಾತ್ಕಾಲಿಕ ಮನೆಯಲ್ಲಿರಿ. ಫೋಟೋ ನೋಡಿ ಒಂದು ವರ್ಷದ ಲೀಸ್‌ಗೆ ಸಹಿ ಹಾಕಬೇಡಿ. ರೈಲು ಹಳಿ ಮಲಗುವ ಕೋಣೆಯ ಕಿಟಕಿಗೆ ಎಷ್ಟು ಹತ್ತಿರ ಅಂತ ಫೋಟೋ ಹೇಳುವುದಿಲ್ಲ. ಇಲ್ಲಿನ ಬಹಳ ಮಾಲೀಕರು ಡೆಪಾಸಿಟ್ ಬದಲು "ಮೂವ್-ಇನ್ ಫೀ" ತೆಗೆದುಕೊಳ್ಳುತ್ತಾರೆ. ಡೆಪಾಸಿಟ್ ಬಗ್ಗೆ ನಗರದ ನಿಯಮ ಬಿಗಿ ಇದೆ, ಅದರ ಗೊಡವೆ ಅವರಿಗೆ ಬೇಡ. ಈ ಫೀ ವಾಪಸ್ ಬರುವುದಿಲ್ಲ. ಹೀಟಿಂಗ್ ಬಾಡಿಗೆಯಲ್ಲೇ ಸೇರಿದೆಯಾ ಅಂತ ಕೇಳಿ. ಸೇರಿದ್ದರೆ ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಹಗಲಿನಲ್ಲಿ 68 ಡಿಗ್ರಿ ಫ್ಯಾರನ್‌ಹೀಟ್, ರಾತ್ರಿ 66 ಇಡಲೇಬೇಕು ಅಂತ ಕಾನೂನಿದೆ. ಅಂದರೆ ಸುಮಾರು 20 ಮತ್ತು 19 ಸೆಲ್ಸಿಯಸ್.

ನಗರದ ಒಳಗೋ, ನೇಪರ್‌ವಿಲ್‌ನಂಥ ಹೊರ ಊರೋ ಅನ್ನುವುದು ದೊಡ್ಡ ಚರ್ಚೆ. ನೇಪರ್‌ವಿಲ್‌ನಲ್ಲಿ ನಮ್ಮವರು ಜಾಸ್ತಿ, ಶಾಲೆಗಳು ಚೆನ್ನ, ಬಾಲಾಜಿ ದೇವಸ್ಥಾನ ಇರುವ ಅರೋರಾ ಪಕ್ಕದಲ್ಲೇ. ಮೆಟ್ರಾ ರೈಲು ನೇರ ಯೂನಿಯನ್ ಸ್ಟೇಷನ್‌ಗೆ ಬರುತ್ತದೆ. ಆದರೆ ಕಾರಿಲ್ಲದೆ ಹಾಲು ತರಲೂ ಆಗದು. ಮ್ಯೂನಿಕ್‌ನಲ್ಲಿ ಟ್ರಾಮ್ ಹತ್ತಿ ಬದುಕಿದವರು ಮೊದಲ ವರ್ಷ ನಗರದ ಒಳಗೇ ಇರುವುದು ಲೇಸು ಅಂತ ನನ್ನ ಅಭಿಪ್ರಾಯ. ನಗರದ ಬ್ಲೂ ಮತ್ತು ರೆಡ್ ಲೈನ್ ರೈಲುಗಳು ರಾತ್ರಿಯಿಡೀ ಓಡುತ್ತವೆ.

ಸೋಶಿಯಲ್ ಸೆಕ್ಯುರಿಟಿ ನಂಬರಿಗೆ ಇಳಿದ ಹತ್ತು ದಿನದ ನಂತರ ಹೋಗಿ. ಅಷ್ಟರಲ್ಲಿ ನಿಮ್ಮ ದಾಖಲೆ ಅವರ ಕಂಪ್ಯೂಟರಿಗೆ ಬಂದಿರುತ್ತದೆ. ಎಲ್ಲ ಫಾರ್ಮ್‌ನಲ್ಲೂ ತಿಂಗಳು ಮೊದಲು, ದಿನ ಆಮೇಲೆ. 04/07 ಅಂದರೆ ಏಪ್ರಿಲ್ 7. ಜರ್ಮನಿಯ ಒಳ್ಳೆ ಶೂಫಾ ಅಂಕ (ಅಲ್ಲಿನ ಕ್ರೆಡಿಟ್ ಸ್ಕೋರ್) ಇಲ್ಲಿ ಯಾರಿಗೂ ಬೇಡ, ನಿಮ್ಮ ಕ್ರೆಡಿಟ್ ಸೊನ್ನೆಯಿಂದ ಶುರು. ಒಂದು ಉಪಾಯ ಇದೆ. ಜರ್ಮನಿಯಲ್ಲೇ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡ್ ಇದ್ದರೆ ಆ ಸಂಬಂಧದ ಮೇಲೆ ಇಲ್ಲಿ ಹೊಸ ಕಾರ್ಡಿಗೆ ಅರ್ಜಿ ಹಾಕಬಹುದು. ಹೊರಡುವ ಕೆಲವು ತಿಂಗಳು ಮೊದಲೇ ಅಲ್ಲಿ ಒಂದು ಮಾಡಿಸಿಟ್ಟುಕೊಳ್ಳಿ. ಇಲ್ಲದವರು ಬ್ಯಾಂಕಿನಲ್ಲಿ ಡೆಪಾಸಿಟ್ ಇಟ್ಟು ಸೆಕ್ಯೂರ್ಡ್ ಕಾರ್ಡ್ ತೆಗೆದುಕೊಳ್ಳಿ.

ಆರೋಗ್ಯ ವಿಮೆಗೆ ಸೇರಲು ಕೆಲಸ ಶುರುವಾದ ಮೇಲೆ ಸಾಮಾನ್ಯವಾಗಿ 30 ದಿನ ಸಮಯ. ತಿಂಗಳ ಪ್ರೀಮಿಯಂ ಒಂದನ್ನೇ ನೋಡಬೇಡಿ. ವರ್ಷಕ್ಕೆ ನಿಮ್ಮ ಕೈಯಿಂದ ಗರಿಷ್ಠ ಎಷ್ಟು ಹೋಗಬಹುದು ಅನ್ನುವ ಸಾಲನ್ನು ಓದಿ. ಜ್ವರ, ಉಳುಕಿಗೆಲ್ಲ ಅರ್ಜೆಂಟ್ ಕೇರ್‌ಗೆ ಹೋಗಿ. ಎಮರ್ಜೆನ್ಸಿ ರೂಮಿನ ಬಿಲ್ ಬೇರೆಯೇ ಲೋಕ.

ಶಾಲೆ ವಿಳಾಸದ ಮೇಲೆ ಸಿಗುತ್ತದೆ. ಇಲಿನಾಯ್‌ನಲ್ಲಿ ಸೆಪ್ಟೆಂಬರ್ 1ಕ್ಕೆ 5 ತುಂಬಿದ ಮಗು ಕಿಂಡರ್‌ಗಾರ್ಟನ್‌ಗೆ. ಜರ್ಮನಿಯಲ್ಲಿ 6ರವರೆಗೂ ಕೀಟಾದಲ್ಲಿ ಮಣ್ಣಾಟ. ನನ್ನ ಮಗಳು ಮರ ಹತ್ತುವುದರಲ್ಲಿ ನಿಪುಣೆಯಾಗಿ ಇಲ್ಲಿ ಒಂದನೇ ಕ್ಲಾಸಿಗೆ ಸೇರಿದಳು. ಪಕ್ಕದ ಮಕ್ಕಳು ಆಗಲೇ ಪುಸ್ತಕ ಓದುತ್ತಿದ್ದವು. ಬೇಸಿಗೆಯಲ್ಲೇ ಅಕ್ಷರ ಸ್ವಲ್ಪ ತಿದ್ದಿಸಿ ಕರೆತನ್ನಿ. ಶಾಲೆಗೆ ವೈದ್ಯರ ತಪಾಸಣೆ ಮತ್ತು ಲಸಿಕೆಯ ದಾಖಲೆ ಕಡ್ಡಾಯ.

ದಿನಸಿಗೆ ಡೆವನ್ ಅವೆನ್ಯೂ. ಪಟೇಲ್ ಬ್ರದರ್ಸ್ ಮೊದಲ ಅಂಗಡಿ 1974ರಲ್ಲಿ ತೆರೆದದ್ದು ಇದೇ ಬೀದಿಯಲ್ಲಿ. ಕಾರು ಬೇಡ, 155ನೇ ನಂಬರ್ ಬಸ್ ಬೀದಿಯುದ್ದಕ್ಕೂ ಹೋಗುತ್ತದೆ. ಬೆಲೆಪಟ್ಟಿಯಲ್ಲಿ ತೆರಿಗೆ ಸೇರಿರುವುದಿಲ್ಲ ಅನ್ನುವುದು ನೆನಪಿರಲಿ. ಬಳಸಿದ ಕಾರು, ಮಕ್ಕಳ ಡಾಕ್ಟರು, ಚಳಿಗಾಲದ ಕೋಟು, ಇದಕ್ಕೆಲ್ಲ ವಿದ್ಯಾರಣ್ಯ ಕನ್ನಡ ಕೂಟದವರನ್ನು ವಿಚಾರಿಸಿ. ಯುಗಾದಿಗೋ ರಾಜ್ಯೋತ್ಸವಕ್ಕೋ ಒಮ್ಮೆ ಹೋದರೆ ಸಾಕು, ಆಮೇಲೆ ನಂಬರುಗಳು ತಾವಾಗಿ ಬರುತ್ತವೆ.

ಚಳಿಯ ಬಗ್ಗೆ ಮ್ಯೂನಿಕ್‌ನವರಿಗೆ ಹೇಳಬೇಕಾಗಿಲ್ಲ ಅಂದುಕೊಳ್ಳಬೇಡಿ. ಜನವರಿ 2019ರಲ್ಲಿ ಇಲ್ಲಿ ಮೈನಸ್ 30 ಸೆಲ್ಸಿಯಸ್ ಮುಟ್ಟಿತ್ತು, ಅದರ ಮೇಲೆ ಗಾಳಿ. ಕಾರು ಕೊಂಡರೆ ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ಬೀದಿಯ ಬೋರ್ಡ್ ಓದಿ ನಿಲ್ಲಿಸಿ. ಕೆಲವು ಮುಖ್ಯ ರಸ್ತೆಗಳಲ್ಲಿ ಹಿಮ ಬೀಳಲಿ ಬಿಡಲಿ, ಬೆಳಗಿನ ಜಾವ 3ರಿಂದ 7ರವರೆಗೆ ಪಾರ್ಕಿಂಗ್ ಇಲ್ಲ, ಕಾರನ್ನು ಎಳೆದುಕೊಂಡೇ ಹೋಗುತ್ತಾರೆ. ಹಿಮ ಬಿದ್ದ ಮೇಲೆ ಖಾಲಿ ಜಾಗದಲ್ಲಿ ಒಂದು ಹಳೇ ಪ್ಲಾಸ್ಟಿಕ್ ಕುರ್ಚಿ ಕಂಡರೆ ಯಾರೋ ಸಲಿಕೆ ಹಿಡಿದು ಆ ಜಾಗ ಬಿಡಿಸಿ, ಕಾಯ್ದಿರಿಸಿ ಹೋಗಿದ್ದಾರೆ ಅಂತ ತಿಳಿಯಿರಿ. ಕಾನೂನಿನಲ್ಲಿ ಅದಕ್ಕೆ ಬೆಲೆ ಇಲ್ಲ. ಆದರೂ ಕುರ್ಚಿ ಎತ್ತಿಡಲು ಹೋಗಬೇಡಿ, ಸುಮ್ನೆ ಇನ್ನೊಂದು ಸುತ್ತು ಹಾಕಿ ಬೇರೆ ಜಾಗ ನೋಡಿ.